ಬೊಗಸೆಯಲ್ಲಿ ತಂದದ್ದು

ಆ ಕಾಗೆಗೆ ಕೂರಲು ಬೇರೆ ಜಾಗವೇ ಸಿಗಲಿಲ್ಲವೇ, ಸರಿಯಾಗಿ ಆ ಮಂಕರಿಯ ಮೇಲೇ ಬರಬೇಕೇ, ಶ್, ಹೋಗು, ಸಿದ್ದಮಲ್ಲಪ್ಪ ಮೇಷ್ಟ್ರು ಕಿಟಕಿಯಿಂದಲೇ ಕೈ ಬೀಸಿದರು, ಜೋರಾಗಿ ಗದರಲೂ ಭಯ, ಹೊಂಗೆ ಮರದ ಕೆಳಗೆ ಬೋರಲು ಹಾಕಿದ ಆ ಮಂಕರಿ ಬುಟ್ಟಿಯೊಳಗೆ ಕಾಡುಹಂದಿಗೆ ಇಡುವ ಸಿಡಿಮದ್ದಿನ ಉಂಡೆ ಇದೆ, ನಿಂಬೆಹಣ್ಣಿನ ಗಾತ್ರ, ಹಂದಿ ಆಸೆಪಟ್ಟು ಕಚ್ಚಲೆಂದು ಮೇಲೆ ಕಡಲೆಕಾಯಿ ಹಿಂಡಿ ಮೆತ್ತಿದ್ದಾರೆ — ಯಾವ ಪಾಪಿ ಕಟ್ಟಿದನೋ, ಬೇಲಿಯಲ್ಲಿಟ್ಟು ಮರೆತನೋ — ಅದನ್ನು ಏಳನೇ ಕ್ಲಾಸಿನ ಮಹದೇವಿ ಬೆಳಗ್ಗೆ ಎರಡು ಮೈಲಿ ಹಿಡಿದು ತಂದಳು, ಚೀಲದಲ್ಲಲ್ಲ, ಬೊಗಸೆಯಲ್ಲಿ, ಕಾಲು ಎಡವಿದ್ದರೆ, ದೇವರೇ, ಯೋಚಿಸಬಾರದು. ಸಾ, ಬೇಲಿ ತಾವ ಸಿಕ್ತು, ದನಗಿನ ಬಾಯಾಕಿದ್ರೆ ದವಡೆನೇ ಒಂಟೋಯ್ತದೆ, ಅದ್ಕೇ ತಂದೆ ಸಾ. ಬಾಗಿಲಲ್ಲಿ ಅಲುಗಾಡದೆ ನಿಂತಿದ್ದಳು, ಉಸಿರು ಬಿಗಿಹಿಡಿದು, ಕಣ್ಣು ಮಾತ್ರ ಮಿನುಗುತ್ತಿತ್ತು. ಮೆಲ್ಲಗೆ ಕಣ್ ಕೂಸೇ, ಅಗೋ ಆ ಮರದ ಕೆಳಗೆ ಇಡು, ಎಂದು, ಇಪ್ಪತ್ತೆಂಟು ವರ್ಷ ಪಾಠ ಹೇಳಿದ ಮೇಷ್ಟ್ರೇ ತುದಿಗಾಲಲ್ಲಿ ಹೋಗಿ ಮಂಕರಿ ಮುಚ್ಚಿ ಬಂದಿದ್ದರು.

ಮಕ್ಕಳನ್ನೆಲ್ಲ ಆಚೆ ಹುಣಸೆಮರದ ಕೆಳಗೆ ಕಳಿಸಿದ್ದಾಯಿತು, ಪುಷ್ಪ ಟೀಚರ್ ಫೈಲು ಹುಡುಕಿ ಸುತ್ತೋಲೆ ತಂದು ಮುಂದಿಟ್ಟದ್ದೂ ಆಯಿತು, ಸಾ, ಎಲ್ಲಾ ಇದ್ರಲ್ಲೇ ಬರ್ದವ್ರೆ, ಮಕ್ಳು ಆಯುಧನೋ ಮದ್ದೋ ತಂದ್ರೆ ಗಂಭೀರ ದುರ್ನಡತೆ, ಅವತ್ತೇ ಠಾಣೆಗೆ ತಿಳಿಸ್ಬೇಕು, ತಂದೋರ ಹೆಸ್ರು, ತಂದೆ ಹೆಸ್ರು, ಇಲ್ದಿದ್ರೆ ನಿಮ್ ಮೇಲೇ ಕ್ರಮ ಸಾ — ದುರ್ನಡತೆಯಂತೆ, ಯಾರದು, ಪರೀಕ್ಷೆಯಲ್ಲಿ ಪಕ್ಕದವಳ ಹಾಳೆ ಇಣುಕಲೂ ಬಾರದ ಈ ಮಹದೇವಿಯದು. ತಿಳಿಸದೆ ಇರುವಂತಿಲ್ಲ, ಮದ್ದು ತೆಗೆಯಲು ಪೊಲೀಸರೇ ಬರಬೇಕು, ಬರಲಿ, ಆದರೆ ತಂದೆ ಹೆಸರು ಎಂಬ ಕಡೆ ಕೇತಯ್ಯ ಎಂದು ಬರೆದರೆ ಮುಗಿಯಿತು, ಕಾಡಂಚಿನ ಪೋಡಿನವನು, ಕಾಡುಜನರ ಹಟ್ಟಿಯವನು, ಕಾಡುಗಳ್ಳನ ಬೇಟೆ ನಡೆದಿರುವ ಈಗಿನ ಕಾಲದಲ್ಲಿ ಪೋಡಿನವರನ್ನು ಜೀಪು ಹತ್ತಿಸಲು ಮದ್ದು ಎಂಬ ಮಾತೊಂದೇ ಸಾಕು, ಹೋದ ವರ್ಷ ಅದೇ ಪೋಡಿನ ಮುತ್ತಯ್ಯನನ್ನು ಬರೀ ವಿಚಾರಣೆ ಎಂದು ಕರೆದೊಯ್ದರು, ಒಂಬತ್ತು ದಿನದ ಮೇಲೆ ಬಂದವನು ಇನ್ನೂ ಕುಂಟುತ್ತಾನೆ. ಕೇತಯ್ಯನೋ, ಜೇನು ಇಳಿಸಿದಾಗಲೆಲ್ಲ ಒಂದು ಸೀಸೆ ತಂದು, ಸಾ, ಕೂಸು ಓದ್ತದಾ, ಓದ್ತದೆ ಕಣಯ್ಯ, ಅಷ್ಟೇ ಸಾಕು ಅವನಿಗೆ, ಹೊಸಿಲು ದಾಟದೆ ಅಲ್ಲೇ ನಿಂತು ನಗುತ್ತಾನೆ.

ಹನೂರಿನ ಬಸ್ಸಿನ ಹಾರ್ನು, ದೂರದಲ್ಲಿ, ಠಾಣೆಗೆ ಬರೆಯುವ ಚೀಟಿ ಇದರಲ್ಲೇ ಹೋಗಬೇಕು — ಅಪ್ಪನ ಕೈಗೆ ಯಾಕೇ ಕೊಡಲಿಲ್ಲ ಎಂದು ಬೆಳಗ್ಗೆ ಗದರಿದ್ದಕ್ಕೆ ಏನೆಂದಳು, ನೀವೇ ಯೋಳಿದ್ರಲ್ಲ ಸಾ. ಹೌದು, ಹೇಳಿದ್ದೆ, ಬಿದ್ದದ್ದು ಸಿಕ್ಕರೆ ಬಚ್ಚಿಡಬೇಡಿ, ಮೇಷ್ಟ್ರ ಕೈಗೆ ಕೊಡಿ, ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಹೆಸರು ಕೂಗಿ ಇಡೀ ಶಾಲೆಯಿಂದ ಮೂರು ಚಪ್ಪಾಳೆ, ಪೆನ್ಸಿಲ್ ತುಂಡು ತಂದರು, ಒಂಟಿ ಓಲೆ ತಂದರು, ಯಾವನೋ ಒಬ್ಬ ಯಾರದೋ ಕಟ್ಟಿಸಿದ ಹಲ್ಲನ್ನೇ ತಂದ, ಅದಕ್ಕೂ ಚಪ್ಪಾಳೆ ಹೊಡೆಸಿದ ಮಹಾನುಭಾವ ತಾನೇ ಅಲ್ಲವೇ, ಮಹದೇವಿಗೆ ಎರಡು ವರ್ಷದಿಂದ ಏನೂ ಸಿಕ್ಕಿರಲಿಲ್ಲ, ಪಾಪ, ದಿನಾ ನೆಲ ನೋಡಿಕೊಂಡೇ ನಡೆದು ಬರುತ್ತಿದ್ದಳಂತೆ, ಅಯ್ಯೋ ನನ್ನ ತಾಯಿ. ಪೆನ್ನು ಹಿಡಿದರು, ತಂದವರ ಹೆಸರು — ಸಿದ್ದಮಲ್ಲಪ್ಪ, ಮುಖ್ಯೋಪಾಧ್ಯಾಯ, ತಂದೆ ಹೆಸರು — ಕೆಂಪನಂಜಪ್ಪ, ಪುಣ್ಯಾತ್ಮ ಸತ್ತು ಇಪ್ಪತ್ತು ವರ್ಷವಾಯಿತು, ಯಾರೂ ಜೀಪು ಹತ್ತಿಸಲಾರರು, ಸಾ ಏನ್ ಮಾಡ್ತಿದ್ದೀರಾ ಸಾ ಎಂದರು ಟೀಚರ್, ನಿಜವನ್ನೇ ಬರೀತಿದೀನಿ ಕಣಮ್ಮ, ನಾನು ಹೇಳದೆ ಅದು ಇಲ್ಲಿಗೆ ಬರ್ತಿತ್ತಾ, ಕೇಳುವವರು ನನ್ನನ್ನು ಕೇಳಲಿ, ಎತ್ತಂಗಡಿ ಮಾಡುತ್ತಾರೆಯೇ, ಮಾಡಲಿ, ಕಾಡಿನ ಮೂಲೆಯ ಗೋಪಿನಾಥಂನಲ್ಲೂ ಮಕ್ಕಳಿರುತ್ತವೆ, ಸಹಿ, ತಾರೀಖು, ಮೊಹರು, ಪೆನ್ನಿನ ಮುಚ್ಚಳ ಎಲ್ಲಿ, ತಲೆ ಎತ್ತಿದರೆ ಜಗಲಿಯಲ್ಲಿ ಮಹದೇವಿ, ಹುಣಸೆಮರದ ಕೆಳಗೂ ಹೋಗಿಲ್ಲ ಈ ಹುಡುಗಿ, ಗೋಡೆಗೆ ಒರಗಿ ಕೂತಿದ್ದಾಳೆ, ಮದ್ದು ಕೆಳಗಿಳಿಸಿ ಎರಡು ಗಂಟೆಯಾಯಿತು, ತೊಡೆಯ ಮೇಲೆ ಎರಡೂ ಕೈ, ಬೆರಳಿಗೆ ಬೆರಳು ಸೇರಿಸಿದ ಹಾಗೇ ಇವೆ, ಬಿಡು ಕೂಸೇ, ಕೈ ಬಿಡು ಎನ್ನುತ್ತಾ ಎದ್ದರು, ಆ ಬೊಗಸೆ ಇನ್ನೂ ಬಿಚ್ಚಿಲ್ಲ.