ಒಂದೂವರೆ ನಿಮಿಷದ ಕತ್ತಲು

ಬೆಟ್ಟ ತೋರಿಸುವ ರೈಲಿನಲ್ಲಿ ಮೈಕು ಹಿಡಿದು ಮಾತಾಡುವ ಕೆಲಸ ಅವಳದು. ಹಾಗಾಗಿ ಸ್ಟೇಷನ್ನಿನಲ್ಲಿ ಎಲ್ಲರಿಗೂ ಅವಳು ಮೈಕಮ್ಮ. "ಎಡಗಡೆ ನೋಡಿ, ಅಜ್ಜಿ ಕೂತ ಹಾಗೆ ಕಾಣುತ್ತಲ್ಲ, ಅದೇ ಅಜ್ಜಿಬಂಡೆ" ಎಂದು ದಿನಕ್ಕೆರಡು ಸಲ ಒಪ್ಪಿಸುತ್ತಿದ್ದಳು. ಯಾವ ಕಡೆಯಿಂದ ನೋಡಿದರೂ ಅದು ಬರಿಯ ಬಂಡೆ. ಆದರೂ ಜನ ಕತ್ತು ಉದ್ದ ಮಾಡಿ ಹೌದೌದು ಎನ್ನುತ್ತಿದ್ದರು. ಟಿಕೆಟ್ ತೆಗೆದ ಮೇಲೆ ಅಜ್ಜಿ ಕಾಣದೆ ಎಲ್ಲಿಗೆ ಹೋಗುತ್ತಾಳೆ!

ಬಂಡೆ ದಾಟಿದರೆ ಸುರಂಗ. ಒಳಹೊಕ್ಕ ಕೂಡಲೇ ಬಾಗಿಲ ಪಕ್ಕದ ಸ್ವಿಚ್ಚು ಒತ್ತಿ ಅವಳು ಬೋಗಿಯ ದೀಪವನ್ನೆಲ್ಲ ಆರಿಸಬೇಕು. ಒಂದೂವರೆ ನಿಮಿಷ ಕಗ್ಗತ್ತಲು. ಮಕ್ಕಳು ಕಿರುಚುತ್ತವೆ, ದೊಡ್ಡವರು ಸುಮ್ಮಸುಮ್ಮನೆ ಕೆಮ್ಮಿ ಧೈರ್ಯ ತೋರಿಸುತ್ತಾರೆ. ಅರ್ಧ ಜನ ಬರುತ್ತಿದ್ದುದೇ ಈ ಮೋಜಿಗೆ.

ನಾಲ್ಕು ವರ್ಷದ ಹಿಂದೆ ಆ ಕತ್ತಲಲ್ಲಿ ಒಂದು ಪುಟ್ಟ ಕೈ ಬಂದು ಅವಳ ಎರಡು ಬೆರಳು ಹಿಡಿದುಕೊಂಡಿತು. ಹೆದರಿದ ಮಗು, ಪಾಪ, ಅಂದುಕೊಂಡಳು. ಸುರಂಗ ಮುಗಿಯುವ ಮುಂಚೆ ಅದು ತಾನಾಗಿ ಜಾರಿಕೊಂಡಿತು. ಮರುದಿನವೂ ಬಂತು. ಒಂದು ದಿನ ಬೋಗಿಯಲ್ಲಿದ್ದವರೆಲ್ಲ ತಲೆ ನರೆತ ನಿವೃತ್ತ ಮೇಷ್ಟರುಗಳು, ಅವತ್ತೂ ಬಂತು. ಅವಳು ಕಿರುಚಲಿಲ್ಲ. ಅವಳ ಆರು ವರ್ಷದ ಮಗಳು ಜ್ವರದಲ್ಲಿ ತೀರಿಕೊಂಡು ಆಗಿನ್ನೂ ತಿಂಗಳಾಗಿರಲಿಲ್ಲ. "ಅಮ್ಮಾ, ನಿನ್ ರೈಲಿಗೆ ನನ್ನೂ ಕರ್ಕೊಂಡ್ಹೋಗು" ಎಂದು ಕೊನೆಯವರೆಗೂ ಪೀಡಿಸಿದ್ದ ಮಗಳು. ಮುಂದಿನ ವಾರ, ಮುಂದಿನ ವಾರ ಎಂದೇ ತಾಯಿ ದಿನ ತಳ್ಳಿದ್ದಳು.

ಕೈ ಬೆಳೆಯಿತು. ಎರಡು ಬೆರಳಷ್ಟೇ ಹಿಡಿಯುತ್ತಿದ್ದದ್ದು ಈಗ ಅಂಗೈ ತುಂಬ ಬರುತ್ತಿತ್ತು. ಬೇಸಿಗೆಯಲ್ಲೂ ತಣ್ಣಗಿನ ಕೈ. ಇದ್ದಿದ್ದರೆ ಮಗಳಿಗೆ ಹತ್ತು ತುಂಬುತ್ತಿತ್ತು, ಅಳತೆ ಸರಿಯಾಗಿತ್ತು, ಅವಳಿಗೆ ಇನ್ನೇನು ಬೇಕು? ಗಂಡ ದರ್ಜಿ. ವಿಷಯ ಹೇಳಿದಾಗ ಹೊಲಿಗೆ ಯಂತ್ರದಿಂದ ತಲೆ ಎತ್ತದೆ, "ಬಿಡೇ, ಮನಸ್ಸಿಗೆ ಹಚ್ಕೋಬೇಡ" ಎಂದಿದ್ದ. ಅವನ ಕಣ್ಣೂ ಒದ್ದೆಯಾಗಿತ್ತು.

ಹೀಗಿರುವಾಗ ಯಾರೋ ಪುಣ್ಯಾತ್ಮರು ಸುರಂಗದ ಕತ್ತಲಲ್ಲಿ ಮುಗ್ಗರಿಸಿ ಹಲ್ಲು ಮುರಿದುಕೊಂಡರು. ದೂರು ಮೇಲಿನವರೆಗೂ ಹೋಯಿತು.

"ನಾಳೆಯಿಂದ ದೀಪ ಆರಿಸೋ ಹಾಗಿಲ್ಲ ಮೈಕಮ್ಮ. ಸ್ವಿಚ್ಚನ್ನೇ ಕಿತ್ತು ಹಾಕ್ತಾರಂತೆ," ಎಂದ ಗಾರ್ಡು.

ಒಂದು ಹಲ್ಲಿಗೆ ಇಷ್ಟೆಲ್ಲ! ಮಗಳನ್ನು ಎರಡನೇ ಸಲ ಕಳೆದುಕೊಳ್ಳುವ ಶಕ್ತಿ ಅವಳಲ್ಲಿರಲಿಲ್ಲ.

ಅವತ್ತಿನ ಸಂಜೆಯ ರೈಲಿನಲ್ಲಿ ಕೊನೆಯ ಸಲ ದೀಪ ಆರಿಸಿದಳು. ಕೈ ಬಂತು. ಅವಳು ಬಗ್ಗಿ ಪಿಸುಗುಟ್ಟಿದಳು, "ಇವತ್ತು ಬಿಡಬೇಡ ಕಣೇ. ಮನೆಗೆ ಹೋಗೋಣ, ಬಾ."

ಹಿಡಿತ ಬಿಗಿಯಾಯಿತು. ರೈಲು ಬೆಳಕಿಗೆ ಬಂತು. ಕಣ್ಣಿಗೆ ಕಂಡದ್ದು ಗಾಳಿಯಲ್ಲಿ ಮಡಚಿಕೊಂಡ ತನ್ನವೇ ಬೆರಳುಗಳು. ಆದರೆ ಕೈ ಬಿಟ್ಟಿರಲಿಲ್ಲ.

ಸ್ಟೇಷನ್ನಿನಿಂದ ಮನೆಗೆ ಹತ್ತು ನಿಮಿಷದ ದಾರಿ. ಎಡಗೈ ಚಾಚಿಕೊಂಡೇ ನಡೆದಳು. ನಿನ್ನ ಮಂಚ ಹಾಗೇ ಇದೆ, ಅಪ್ಪ ಹೊಸ ಫ್ರಾಕು ಹೊಲೀತಾರೆ ಎಂದು ಬಡಬಡಿಸಿದಳು. ಸುರಂಗದಲ್ಲಿ, ಎಲ್ಲಿ ಜಾರಿಹೋದೀತೋ ಎಂದು ಬೆರಳು ಅಲುಗಿಸಿದವಳಲ್ಲ. ಈಗ ಧೈರ್ಯ ಮಾಡಿ ಹೆಬ್ಬೆರಳಿನಿಂದ ಆ ಕೈಯನ್ನು ಸವರಿದಳು. ಮಗಳ ಬಲಗೈ ಮೇಲೆ ಇಸ್ತ್ರಿಪೆಟ್ಟಿಗೆ ತಾಗಿ ಉಬ್ಬಿದ ಸುಟ್ಟ ಕಲೆಯಿತ್ತು. ಇಲ್ಲಿ ನುಣುಪು. ಮತ್ತೆ ಸವರಿದಳು. ಮಣಿಕಟ್ಟಿನವರೆಗೂ ನುಣುಪು.

ಇದು ಅವಳ ಮಗಳಲ್ಲ.

ನಡುಬೀದಿಯಲ್ಲಿ ನಿಂತುಬಿಟ್ಟಳು. ಕೈ ಅವಳನ್ನು ಮೆಲ್ಲಗೆ ಜಗ್ಗಿತು, ಮನೆಯ ಕಡೆಗೆ. ಕೊಡವಿಬಿಡಬಹುದಿತ್ತು. ನಾಲ್ಕು ವರ್ಷ ಹಿಡಿದ ಕೈಯನ್ನು ಹೇಗೆ ಕೊಡವುತ್ತಾಳೆ?

ಚಿಲಕ ಬಡಿದಳು. ಒಳಗೆ ಹೊಲಿಗೆ ಯಂತ್ರ ನಿಂತಿತು.

"ಯಾರೇ ನಿನ್ ಜೊತೆ? ಎರಡು ಜನರ ಹೆಜ್ಜೆ ಕೇಳಿಸ್ತು."

ಅವಳು ಆ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ನಮ್ಮ ಮಗಳೇ ಕಣ್ರೀ," ಎಂದಳು. "ಬಾಗಿಲು ತೆಗೀರಿ."