ಹಿಂದೆ ಬರುವವನಿಗೆ ಹೇಳಿದ್ದು

ಡೂರಿ ಭಾವ ಮುಂದೆ ನಡೆದರೆ ಹಿಂದೆ ಬರುವವರಿಗೆ ನೆಲ ನೋಡುವ ಕೆಲಸವೇ ಇರುವುದಿಲ್ಲ. ಚರ್ಚಿನ ಮೆಟ್ಟಿಲಾಗಲಿ, ಕೊಟ್ಟಿಗೆಯ ಹೊಸ್ತಿಲಾಗಲಿ, ತಾವು ದಾಟಿದ ಮರುಕ್ಷಣ ಅರ್ಧ ತಿರುಗಿ, ಗದ್ದವನ್ನು ಭುಜದ ಮೇಲೆ ತಂದು, "ಮೂರನೇದು ಮಂಜುಗಟ್ಟಿದೆ, ಎಡಗಡೆ ಒಣಗಿದೆ" ಎಂದು ಹೇಳಿಯೇ ಮುಂದಿನ ಹೆಜ್ಜೆ ಇಡುವವರು. ಹಿಂದೆ ಇರುವವರು ಯಾರೆಂದು ನೋಡುವ ಗೊಡವೆಯಿಲ್ಲ. ಪಾದ್ರಿಯಿದ್ದರೂ ಅದೇ ಮಾತು, ಕರುವಿದ್ದರೂ ಅದೇ ಮಾತು. ಊಟದ ಮೇಜಿನಲ್ಲಿ ಬಾರ್ಲಿ ಗಂಜಿಯ ಬಟ್ಟಲು ದಾಟಿಸುವಾಗಲೂ "ಮೇಲೆ ತಣ್ಣಗಿದೆ, ತಳದಲ್ಲಿ ಸುಡುತ್ತೆ" ಎಂಬ ವರದಿ ಬಟ್ಟಲಿಗಿಂತ ಮೊದಲು ನಮ್ಮ ಕೈ ಸೇರುತ್ತದೆ.

ಅವರು ನನ್ನ ಗಂಡನ ಅಣ್ಣ. ಹದಿನಾರು ಚಳಿಗಾಲ ಸ್ಕೀ ಕಟ್ಟಿಕೊಂಡು ಪರ್ವತಗಳ ನೆತ್ತಿಯಿಂದ ಗಂಟೆಗೆ ನೂರಮೂವತ್ತು ಕಿಲೋಮೀಟರ್ ವೇಗದಲ್ಲಿ ಇಳಿಯುವುದನ್ನೇ ಜೀವನೋಪಾಯ ಮಾಡಿಕೊಂಡವರು. ಆದರೆ ಬೆಳಗ್ಗೆ ಮಹಡಿಯಿಂದ ಅಡುಗೆಮನೆಗೆ ಇಳಿಯುವುದು ಮಾತ್ರ ಹಿಂದುಮುಂದಾಗಿ, ಎರಡು ಕೈಯಲ್ಲೂ ಕಂಬಿ ಹಿಡಿದು, ಏಣಿಯಿಂದ ಇಳಿಯುವ ಅಜ್ಜಿಯ ಹಾಗೆ. ಮೊಣಕಾಲುಗಳನ್ನು ವೈದ್ಯರು ಮೂರು ಸಲ ಬಿಚ್ಚಿ ಹೊಲಿದಿದ್ದರು. ಗೆದ್ದದ್ದು ಒಂದೇ ಪಂದ್ಯ, ಅದೂ ಮಂಜು ಕವಿದು ಅರ್ಧ ಓಟಗಾರರಿಗೆ ಹಾದಿಯೇ ಕಾಣದ ಒಂದು ಡಿಸೆಂಬರಿನಲ್ಲಿ; ಮಿಕ್ಕಂತೆ ಆರನೆಯವರು, ಒಂಬತ್ತನೆಯವರು, ಹದಿನಾಲ್ಕನೆಯವರು. ತಂಡದವರು ವರ್ಷಕ್ಕೊಂದು ಹೊಳೆಯುವ ಜಾಕೆಟ್ಟು ಕೊಡುತ್ತಿದ್ದರು; ಅವನ್ನೆಲ್ಲ ಹುಲ್ಲು ಕೊಯ್ಯಲು ಬರುವವರಿಗೆ ದಾನಮಾಡಿ, ಮೊಣಕೈಗೆ ತೊಗಲಿನ ತೇಪೆ ಹಾಕಿದ ಅಪ್ಪನ ಕಂದು ಕೋಟನ್ನೇ ಹೊದ್ದು, ಓಟ ಶುರುವಾಗುವ ಅರೆಗಳಿಗೆ ಮುಂಚೆ ಅದನ್ನು ಕಳಚಿ, ಮಡಿಸಿ, ಪಕ್ಕದವರ ಕೈಗಿಟ್ಟು ಹೊರಡುತ್ತಿದ್ದರು.

ಇನ್ನೊಂದು ಚಾಳಿಯುಂಟು. ಪಂದ್ಯದ ಬೆಳಗ್ಗೆ ಓಟಗಾರರಿಗೆ ಹಾದಿಯನ್ನು ಒಮ್ಮೆ ಮಾತ್ರ, ಮೆಲ್ಲಗೆ ಅಡ್ಡಡ್ಡ ಜಾರುತ್ತ, ನೋಡಲು ಬಿಡುತ್ತಾರೆ. ಆಮೇಲೆ ಕಣ್ಣು ಮುಚ್ಚಿದರೆ ಅದೆಲ್ಲ ಕಾಣಬೇಕು. ಈ ಕಣ್ಣುಮುಚ್ಚುವಿಕೆ ಭಾವನವರನ್ನು ಮನೆಯಲ್ಲೂ ಬಿಡಲಿಲ್ಲ. ರೊಟ್ಟಿ ಕೈಯಲ್ಲಿರುವಂತೆಯೇ ರೆಪ್ಪೆ ಮುಚ್ಚುತ್ತದೆ, ಅಂಗೈ ಸ್ಕೀಯ ಹಾಗೆ ಮೇಜಿನ ಮೇಲೆ ಬಾಗುತ್ತ, ತೇಲುತ್ತ, ಉಪ್ಪಿನ ಡಬ್ಬಿಯನ್ನು ಬಳಸಿ ಇಳಿಯುತ್ತದೆ, ನಾವೆಲ್ಲ ಉಸಿರು ಬಿಗಿಹಿಡಿದು ಕಾಯುತ್ತೇವೆ. ಅಂಗೈ ಮೇಜಿನ ಅಂಚು ಮುಟ್ಟಿದ ಮೇಲೆಯೇ ರೊಟ್ಟಿಗೆ ಬೆಣ್ಣೆ.

ನಾನು ಜ್ಯೂರಿಕ್ ನಗರದಲ್ಲಿ ಓದಿ ಬೆಳೆದವಳು. ಮದುವೆಯಾಗಿ ಈ ಕಣಿವೆಗೆ ಬಂದು ಎಂಟು ವರ್ಷವಾದರೂ ಇಲ್ಲಿನ ಇಳಿಜಾರುಗಳನ್ನು ನಂಬಿದವಳಲ್ಲ. ಮಗಳು ಲಾದಿನಾ ನಾಲ್ಕು ತುಂಬಿ ಸ್ಕೀ ಕಟ್ಟಿದ ದಿನ ಹಿತ್ತಲ ದಿಬ್ಬದ ಮೇಲೆ ನಿಂತು "ಹುಷಾರು, ಹುಷಾರು ಪುಟ್ಟಾ" ಎಂದು ಎಷ್ಟು ಸಲ ಕೂಗಿದೆನೋ, ಕೊನೆಗೆ ಸೌದೆ ಸೀಳುತ್ತಿದ್ದ ಭಾವ ಕೊಡಲಿ ಕೆಳಗಿಟ್ಟರು.

"ಏ ಪಟ್ಟಣದವಳೇ, ಹುಷಾರು ಅಂದ್ರೆ ಆ ಮಗುಗೆ ಏನಮ್ಮಾ ಗೊತ್ತಾಗುತ್ತೆ? ಎಲ್ಲಿ, ಎಷ್ಟು, ಅಂತ ಹೇಳು. ಬರೀ ಹುಷಾರು ಅಂದ್ರೆ ಅದು ನಿನ್ನ ಭಯ. ಅದನ್ನ ಅವಳ್ಯಾಕೆ ಹೊರಬೇಕು?"

ನನಗೆ ಸಿಟ್ಟು ಬಂತು. ಎರಡು ದಿನ ಅವರ ಚಹಾಕ್ಕೆ ಸಕ್ಕರೆ ಹಾಕಲಿಲ್ಲ. ಅವರು ಗಮನಿಸಲೂ ಇಲ್ಲ.

ಅವರ ಹದಿನಾರನೆಯ ಚಳಿಗಾಲದ ಜನವರಿಯ ಮಾತಿಗೆ ಬರುತ್ತೇನೆ. ಲೋಕಸ್ಪರ್ಧೆಗೆ, ಎಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ವಿಶ್ವ ಚಾಂಪಿಯನ್‌ಶಿಪ್‌ಗೆ, ಹೋಗುವ ತಂಡದಲ್ಲಿ ನಾಲ್ಕು ಜಾಗ, ಮೂರು ತುಂಬಿದ್ದವು. ನಾಲ್ಕನೆಯದು ಡೂರಿ ಭಾವನಿಗೋ, ಪಕ್ಕದ ಕಣಿವೆಯ ಇಪ್ಪತ್ತೆರಡರ ಕುರ್ದಿನ್‌ಗೋ. ಶನಿವಾರದ ಓಟದಲ್ಲಿ ಇಬ್ಬರೊಳಗೆ ಯಾರು ವೇಗವೋ ಅವರಿಗೆ, ಎಂದು ತರಬೇತುದಾರ ಖಡಾಖಂಡಿತವಾಗಿ ಹೇಳಿದ್ದ. ಹದಿನಾರು ವರ್ಷದಲ್ಲಿ ಭಾವ ಲೋಕಸ್ಪರ್ಧೆಯಲ್ಲಿ ಒಮ್ಮೆಯೂ ಇಳಿದವರಲ್ಲ. ಪ್ರತಿಸಲವೂ ಆ ಹೊತ್ತಿಗೆ ಸರಿಯಾಗಿ ಒಂದು ಮೂಳೆಯೋ ನರವೋ ಕೈಕೊಟ್ಟಿತ್ತು. ಮುಂದಿನದು ಎರಡು ವರ್ಷಕ್ಕೆ. ಮೂವತ್ತೈದರ ಆ ಮೊಣಕಾಲು ಅಷ್ಟು ದಿನ ತಾಳುವುದಿಲ್ಲವೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ನಾನೂ ಅತ್ತೆ ಮೆಂಗಿಯಾ ಅವರೂ ಕೆಳಗೆ ಬೇಲಿಗೆ ಒತ್ತಿಕೊಂಡು ನಿಂತಿದ್ದೆವು. ಭಾವ ಏಳನೆಯವರಾಗಿ ಇಳಿದರು. ನಡುವಿನ ಬಂಡೆ ತಿರುವಿನಲ್ಲಿ ಸ್ಕೀ ಒಂದು ಕ್ಷಣ ಗಡಗಡ ನಡುಗಿದ್ದು ಕೆಳಗಿಂದಲೂ ಕಂಡಿತು. ಫಲಕದಲ್ಲಿ ಹೆಸರು ನಾಲ್ಕನೆಯದಾಗಿ ಬಂತು. ಕುರ್ದಿನ್ ಇನ್ನೂ ಮೇಲೆ, ಇಪ್ಪತ್ತೊಂದನೆಯ ಸರದಿಗಾಗಿ ಕಾಯುತ್ತಿದ್ದ.

ಇಳಿದವನು ಏದುಸಿರು ಆರುವ ಮೊದಲೇ ವಾಕಿಟಾಕಿ ಹಿಡಿದು, ಮೇಲಿರುವ ತನ್ನ ತಂಡದವರಿಗೆ ಹಾದಿ ಹೇಗಿದೆಯೆಂದು ತಿಳಿಸುವುದು ಈ ಕಸುಬಿನ ವಾಡಿಕೆ. ಆ ತಂಡದವರೇ ತನ್ನ ಎದುರಾಳಿಗಳೂ ಆಗಿರುವುದರಿಂದ, "ಎಲ್ಲ ಚೆನ್ನಾಗಿದೆ, ಧೈರ್ಯವಾಗಿ ಬಾ" ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವವರೂ ಉಂಟು. ಅದನ್ನು ಸುಳ್ಳೆಂದು ಯಾರೂ ಹಿಡಿಯುವಂತಿಲ್ಲ. ಭಾವ ಫಲಕವನ್ನು ಒಮ್ಮೆ ನೋಡಿದರು, ವಾಕಿಟಾಕಿ ತೆಗೆದುಕೊಂಡರು.

"ಕುರ್ದಿನ್, ಕೇಳಿಸ್ತಿದೆಯೇನೋ? ಮೇಲಿನ ಎರಡು ತಿರುವು ಬೆಳಗ್ಗೆ ನೋಡಿದ ಹಾಗೇ ಇದೆ, ಬಿಡು. ಅಲ್ಲಿಂದ ಮುಂದೆ ಕೇಳು. ಬಂಡೆ ತಿರುವಲ್ಲಿ ನೆರಳು ಬಂದಿದೆ, ನೆಲ ಕಾಣಲ್ಲ. ಒಳಗಿಂದ ಹೋಗೋಣ ಅಂದ್ಕೊಂಡಿದ್ವಲ್ಲ, ತಪ್ಪು. ಒಳಗೆ ಗೀರು ಬಿದ್ದಿವೆ, ನಾನು ಅಲ್ಲೇ ಕಳ್ಕೊಂಡೆ. ನೀನು ಒಂದು ಮಾರು ಮೇಲಿಂದ ಬಾ. ಬೇಲಿ ಮೈಮೇಲೆ ಬಂದ ಹಾಗೆ ಕಾಣುತ್ತೆ. ಬರಲ್ಲ. ಅಲ್ಲಿ ಹಿಮ ಗಟ್ಟಿಯಿದೆ, ಸ್ಕೀ ಹಿಡಿಯುತ್ತೆ. ಏಳ್ಬೇಡ, ಬಗ್ಗೇ ಇರು."

"ಲೋ, ಸಾಕು ಇಡೋ ಅದನ್ನ" ಎಂದು ಅತ್ತೆ ಬೇಲಿಯಾಚೆಯಿಂದ ಹಲ್ಲು ಕಚ್ಚಿದರು.

ವಾಕಿಟಾಕಿ ಗೊರಗುಟ್ಟಿತು. "ಖಂಡಿತವಾ ಅಣ್ಣಾ? ಮೇಲಿಂದ ಯಾರೂ ಹೋಗಿಲ್ವಲ್ಲ?"

"ಇಲ್ಲ, ಯಾರೂ ಹೋಗಿಲ್ಲ. ನಾನು ಕೆಳಗಿನ ಸಾಲಲ್ಲಿ ಒದ್ದಾಡ್ತಾ ಅದನ್ನೇ ನೋಡ್ತಿದ್ದೆ. ಬಾ."

ಕುರ್ದಿನ್ ಒಂದು ಮಾರು ಮೇಲಿಂದ ಬಂದ. ಭಾವನಿಗಿಂತ ಸೆಕೆಂಡಿನ ನೂರರಲ್ಲಿ ಹನ್ನೊಂದು ಪಾಲು ಮುಂದೆ.

ಆ ಸಂಜೆ ಅತ್ತೆ ಗಂಜಿ ಬಡಿಸಿದರು, ಸೌಟು ಬಟ್ಟಲಿಗೆ ಬಡಿಯುವ ಸದ್ದಿನಲ್ಲೇ ಎಲ್ಲವೂ ಇತ್ತು.

"ಬಾಯಿ ಮುಚ್ಕೊಂಡಿದ್ರೆ ಏನಾಗ್ತಿತ್ತೋ ನಿನಗೆ?"

"ಏನೂ ಆಗ್ತಿರ್ಲಿಲ್ಲ."

"ಆ ಹುಡುಗ ಏನ್ ಬಿದ್ದು ಸಾಯ್ತಿದ್ನಾ?"

"ಇಲ್ಲಮ್ಮಾ. ನಿಧಾನವಾಗಿ ಬರ್ತಿದ್ದ, ಅಷ್ಟೆ."

"ಬರ್ಲಿ ಅಂತ ಬಿಡೋದು ತಾನೆ?"

ಭಾವ ಚಮಚ ಕೆಳಗಿಟ್ಟರು. "ಬಿಡಬಹುದಿತ್ತು" ಎಂದರು. "ವಾಕಿಟಾಕಿ ಕೈಗೆ ಬಂದಾಗ ಅದೂ ನೆನಪಾಯ್ತು. ಆದ್ರೆ ಅಲ್ಲಿ ಹೇಗಿದೆ ಅಂತ ಆ ಗಳಿಗೇಲಿ ಗೊತ್ತಿದ್ದೋನು ನಾನೊಬ್ನೇ. ಗೊತ್ತಿದ್ದೂ ಹೇಳ್ದೆ ಗೆದ್ದಿದ್ರೆ, ಲೋಕಸ್ಪರ್ಧೆ ನೆತ್ತಿ ಮೇಲೆ ನಿಂತಾಗ ನನ್ನ ಕಾಲು ನನ್ನ ಮಾತು ಕೇಳ್ತಿತ್ತಾ?"

"ಕಾಲಿಗೇನ್ ಗೊತ್ತಾಗುತ್ತೋ?"

"ಮೊದ್ಲು ಗೊತ್ತಾಗೋದೇ ಅದಕ್ಕೆ."

ಭಾವನಿಗೆ ನೋವಾಗಲಿಲ್ಲವೆಂದು ನಾನು ಹೇಳಲಾರೆ. ಮರುವಾರ ಹೊರಗೆ ಎದೆಮಟ್ಟ ಹಿಮ ಬಿದ್ದಿರುವಾಗ ಕೊಟ್ಟಿಗೆಯಿಂದ ಕರಕರ ಸದ್ದು ಬಂತು. ಹೋಗಿ ನೋಡಿದರೆ ಭಾವ ಹುಲ್ಲು ಕೊಯ್ಯುವ ಕುಡುಗೋಲುಗಳನ್ನೆಲ್ಲ ಸಾಲಾಗಿ ಇಟ್ಟುಕೊಂಡು ಮಸೆಯುತ್ತಿದ್ದರು, ಜುಲೈವರೆಗೆ ಕೊಯ್ಯಲು ಹುಲ್ಲಿನ ಒಂದು ಎಸಳೂ ಇರದ ಊರಿನಲ್ಲಿ. ನಾನು ಬಂದಹಾಗೇ ಹಿಂತಿರುಗಿದೆ. ಲೋಕಸ್ಪರ್ಧೆಯ ದಿನ ಆಕ್ರೋಟಿನ ಕಡುಬು ಹಿಡಿದು ಸಮಾಧಾನ ಹೇಳಲು ಬಂದ ನೆರೆಯವರೊಬ್ಬರು, "ಅದು ನಿನ್ನ ಜಾಗ ಕಣಪ್ಪಾ, ಅವನು ನಿಂತಿರೋದು" ಎಂದಾಗ ಮಾತ್ರ ಭಾವನ ಮುಖ ಕೆಂಪಾಯಿತು. "ವೇಗವಾಗಿ ಬಂದೋನು ಅವನು. ಕಾಲು ಅವನದು." ಕುರ್ದಿನ್ ಆರನೆಯವನಾದ. ಏಪ್ರಿಲ್‌ನಲ್ಲಿ ಭಾವ ಸ್ಕೀ ಸ್ಪರ್ಧೆಗೆ ವಿದಾಯ ಹೇಳಿದರು. ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು, ಅದರಲ್ಲಿ ಒಂದು ಸಾಲು ಮೊಣಕಾಲಿನದು.

ಕಡಿದಾದ ಜಾಗಗಳಿಗೆ ಮೊದಲು ಹೋಗಿಬರುವ ಒಂದು ಕುಲವಿದೆ. ಅವರನ್ನು ಸಾಹಸಿಗಳೆಂದು ಕರೆದು ನಾವು ದೂರದಿಂದ ಕೈಮುಗಿಯುತ್ತೇವೆ, ನಮ್ಮ ಮಕ್ಕಳು ಮಾತ್ರ ಹಾಗಾಗದಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತೇವೆ. ಆದರೆ ಆ ಕುಲದಲ್ಲಿ ಕೆಲವರಿಗೆ, ಹೋದದ್ದು ಅರ್ಧ ಕೆಲಸ. ಅಲ್ಲಿ ಕಂಡದ್ದನ್ನು ಕಂಡಹಾಗೆ, ತಮ್ಮ ತಪ್ಪಿನ ಸಮೇತ, ಹಿಂದೆ ಬರುವವನ ಕೈಗೆ ಕೊಟ್ಟ ಮೇಲೆಯೇ ಅದು ಪೂರ್ತಿಯಾಗುತ್ತದೆ. ಫಲಕ ಅವರನ್ನು ಐದನೆಯವರೆಂದೋ ಒಂಬತ್ತನೆಯವರೆಂದೋ ಬರೆದು ಅಳಿಸುತ್ತದೆ. ಅವರು ಬಿಟ್ಟುಕೊಟ್ಟ ವೇಗವಾದರೋ ಬೇರೆ ಯಾರದೋ ಎಳೆಯ ಕಾಲುಗಳಲ್ಲಿ, ಕೊಟ್ಟವರ ಹೆಸರು ಹೇಳದೆ, ಇಳಿಯುತ್ತಲೇ ಇರುತ್ತದೆ.