ಉಪವಾಸದ ವಡೆಯ ಖಾಲಿ ಅರೇ

ವಿಕ್ರಾಂತನ ತಲೆಯಲ್ಲಿ ಭೂಸಾ ತುಂಬಿದೆ ಎಂದು ಪೂನಮಳಿಗೆ ಮೊದಲಿಂದಲೂ ಅನುಮಾನವಿತ್ತು. ಅದು ಖಾತ್ರಿಯಾದದ್ದು ಈ ಬೆಳಗ್ಗೆ. ನಿಪ್ಪಾಣಿಯ ಒಂದು ಶಾಖಾಹಾರಿ ಹೋಟೆಲಿಗೆ ಇಬ್ಬರೂ ಸೇರಿ ಪ್ರೋಗ್ರಾಂ ಬರೆಯುತ್ತಿದ್ದರು. ಗಿರಾಕಿ ಪರದೆಯ ಮೇಲೆ 'ಜೈನ ಊಟ' ಒತ್ತಿದರೆ ನೆಲದೊಳಗಿನ ಗಡ್ಡೆ ಬೀಳದ ತಿನಿಸುಗಳಷ್ಟೇ ಕಾಣಬೇಕು. ಪ್ರತಿ ತಿನಿಸಿನ ಮುಂದೆ ಅದಕ್ಕೆ ಹಾಕುವ ಸಾಮಾನುಗಳ ಸಾಲು, ಡೇಟಾಬೇಸಿನ ಮಾತಿನಲ್ಲಿ ಅರೇ. ಇಷ್ಟೇ ಕೆಲಸ. ಅದನ್ನೂ ಆ ಪುಣ್ಯಾತ್ಮ ಕೆಡಿಸಿಟ್ಟಿದ್ದ. ಜೈನ ಊಟದಲ್ಲಿ ಎಲ್ಲಕ್ಕಿಂತ ಮೇಲೆ ಝುಣಕ ಕೂತಿತ್ತು, ಬಳ್ಳೊಳ್ಳಿ ಘಮ್ಮೆನ್ನುವ ಕಡಲೆಹಿಟ್ಟಿನ ಝುಣಕ!

ಮಧ್ಯಾಹ್ನ ಬೋರಗಾಂವದಿಂದ ಪೂನಮ 'ಆಯಿ' ಎನ್ನುವ ಅಜ್ಜಿ ಲಕ್ಷ್ಮಿಬಾಯಿ ಬರುವವಳಿದ್ದಳು. ಹರೆಯದಲ್ಲೇ ಕಂದಮೂಲ ಬಿಡುವ ವ್ರತ ಹಿಡಿದವಳು. ಅದು ಮುರಿಯಬಾರದೆಂದು ಹೋಟೆಲಿನ ಮೆಟ್ಟಿಲನ್ನೇ ಹತ್ತಿದವಳಲ್ಲ. "ನೀ ಮಾಡಿದ್ದಂದ್ರ ಉಣ್ತೀನಿ ಬೇ" ಎಂದು ಮೊಮ್ಮಗಳ ಪ್ರೋಗ್ರಾಂ ನಂಬಿ ಇವತ್ತು ಒಪ್ಪಿದ್ದಳು.

"ಅಲ್ಲೋ, @> ಅಂತ ಗುರುತ ಹಾಕೀಯಲ್ಲ, ಅದರ ಅರ್ಥರ ಗೊತ್ತೈತೇನು?" ಪೂನಮ ಕುರ್ಚಿ ತಿರುಗಿಸಿದಳು. "ಈ ಕಡೀ ಅರೇ ಆ ಕಡೀದನ್ನ ಪೂರಾ ಒಳಗ ಇಟ್ಕೊಂಡೈತೇನು ಅಂತ ಕೇಳತೈತಿ ಅದು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ ಮೂರೂ ಇದ್ರಷ್ಟ ತಗದ ಹಾಕು ಅಂದೀದಿ ನೀ. ಝುಣಕದಾಗ ಬಟಾಟಿ ಇಲ್ಲ, ಪಾಸಾತು!"

"ಹೌದಲ್ಲ ಪೂನಮಕ್ಕ…"

"ನಮಗ ಒಂದ ಇದ್ರೂ ಮುಗೀತು. && ಹಾಕಬೇಕು. ಎರಡೂ ಅರೇದಾಗ ಒಂದರ ಸಾಮಾನು ಕೂಡ್ತಂದ್ರ ಆ ತಿನಿಸು ಹೊರಗ. ಕಾಲೇಜಿನ್ಯಾಗ ಕಟ್ಟಿ ಮ್ಯಾಲ ಕುಂತ ಚಾ ಕುಡದಿ ಏನ?"

ಅವಳೇ ತಿದ್ದಿದಳು. ಝುಣಕ ಮಾಯವಾಯಿತು. ಇಂಥವನ ಜೊತೆ ಏಗುವುದೂ ತನ್ನ ಕರ್ಮ ಎಂದುಕೊಂಡಳು.

ವಿಕ್ರಾಂತ ಮೆಲ್ಲಗೆ ಕೆಮ್ಮಿದ. "ಸಾಬುದಾಣಿ ವಡೆದ್ದು ಅರೇ ಖಾಲಿ ಐತ್ರಿ. ತುಂಬ್ಲ್ಯಾ? ಅದರಾಗ…"

"ಉಪವಾಸದ ವಡೀಗೂ ತನಿಖಿ ಮಾಡ್ತಿ? ನೀ ಮುಟ್ಟಿದ್ರ ಅದೂ ಕೆಡತೈತಿ. ಬಾಯಿ ಮುಚ್ಚಿ ಕುಂಡ್ರು."

ಅವನು ವಡೆಯ ಸಾಲನ್ನು ಹಾಗೇ ಖಾಲಿ ಬಿಟ್ಟು ಮುಂದಿನ ತಿನಿಸಿಗೆ ಹೋದ.

ಮಧ್ಯಾಹ್ನ ಆಯಿ ಬಂದಳು. ಸೆರಗು ಸರಿಮಾಡಿಕೊಂಡು ಪರದೆಯ ಮುಂದೆ ಕೂತು, 'ಜೈನ ಊಟ'ದ ಚಿತ್ರಗಳನ್ನು ನೋಡಿ ಸಬ್ಬಕ್ಕಿ ವಡೆಯ ಮೇಲೆ ಬೆರಳಿಟ್ಟಳು. ಪೂನಮಳಿಗೆ ಎದೆ ಉಬ್ಬಿತು. ವಿಕ್ರಾಂತ ಆಗ ಅಡಿಗೆಮನೆಯ ಪರದೆ ಜೋಡಿಸುತ್ತಿದ್ದ. ಅವನು ಹೊರಗೆ ಬರುವಷ್ಟರಲ್ಲಿ ಆಯಿ ಅರ್ಧ ವಡೆ ತಿಂದಾಗಿತ್ತು.

"ಬಾಳೆಕಾಯಿ ಎಷ್ಟ ಮೆತ್ತಗ ಬೆಂದಾವ ಬೇ ಪೂನಿ! ನಮ್ಮನಿ ವಡೆ ಹಿಂಗ ಆಗೂದಿಲ್ಲ."

ವಿಕ್ರಾಂತ ನಿಂತಲ್ಲೇ ನಿಂತ. ಅವನ ಮುಖ ನೋಡುತ್ತಲೇ ಪೂನಮಳಿಗೆ ಎಲ್ಲ ಅರ್ಥವಾಯಿತು. ಅವರ ಮನೆಯಲ್ಲಿ ವಡೆಗೆ ಬೀಳುತ್ತಿದ್ದದ್ದು ಬಾಳೆಕಾಯಿಯೇ. ಊರ ಮಂದಿಯೆಲ್ಲ ಬಟಾಟಿ, ಅಂದರೆ ಆಲೂಗಡ್ಡೆ, ಹಾಕುತ್ತಾರೆಂಬುದು ಅವಳ ಬುದ್ಧಿವಂತ ತಲೆಗೆ ಹೊಳೆದೇ ಇರಲಿಲ್ಲ. ಖಾಲಿ ಅರೇಯಲ್ಲಿ && ಏನನ್ನು ಹುಡುಕೀತು? ಯಾವುದೂ ಕೂಡಲಿಲ್ಲ, ಆದ್ದರಿಂದ ವಡೆ ಶುದ್ಧವೆಂದು ಹಾಯಾಗಿ ಒಳಗೆ ಬಂದಿತ್ತು.

ಆಯಿ ಇಬ್ಬರ ಮುಖವನ್ನೂ ನೋಡಿದಳು. ಉಳಿದ ಅರ್ಧವನ್ನು ತಾಟಿನಲ್ಲಿಟ್ಟಳು.

"ಬಟಾಟಿ ಏನ?"

ಪೂನಮ ಹೌದೆಂದು ತಲೆಯಾಡಿಸಿದಳು.

ಆಯಿ ಎದ್ದು ಹೋಗಿ ಬಾಯಿ ಮುಕ್ಕಳಿಸಿದಳು, ಮತ್ತೆ ಮತ್ತೆ ಮುಕ್ಕಳಿಸಿದಳು. ತಿರುಗಿ ಬಂದಾಗ ಕಣ್ಣು ಕೆಂಪಾಗಿದ್ದವು. ಮೊಮ್ಮಗಳ ಕಡೆ ನೋಡದೆ ವಿಕ್ರಾಂತನ ಮುಂದೆ ನಿಂತಳು.

"ನಿನಗ ಗೊತ್ತಿತ್ತೇನೋ ತಮ್ಮಾ?"

"ಗೊತ್ತಿತ್ರಿ ಆಯಿ."

"ಮತ್ಯಾಕ ಹೇಳ್ಲಿಲ್ಲ?"

ಅವನು ಪೂನಮಳ ಕಡೆ ಒಮ್ಮೆ ನೋಡಿದ. ಬೆಳಗ್ಗೆ ಅವಳು ಹೇಳಿದ್ದಂತೆ, ಬಾಯಿ ಮುಚ್ಚಿಕೊಂಡೇ ನಿಂತ.